ನನ್ನ ಕೈಯಲ್ಲಿದ್ದ ವಾಚು

ನಾವು ಪ್ರಥಮ ಪಿಯುಸಿಗೆ ಸೇರಿದಾಗಲೇ ನಮ್ಮ ತರಗತಿಯ ಗೋಡೆ ಗಡಿಯಾರ ನಿಂತುಹೋಗಿತ್ತು. ಅದರಲ್ಲಿ ಯಾವಾಗ ನೋಡಿದರೂ ಹತ್ತು ಗಂಟೆ ಹತ್ತು ನಿಮಿಷ. ಒಂದು ದಿನ ಲೆಕ್ಕಶಾಸ್ತ್ರದ ಸರ್ ಪಾಠದ ನಡುವೆ "ಟೈಮ್ ಎಷ್ಟಾಯ್ತು?" ಎಂದು ಕೇಳಿದರು. ಹಿಂದಿನ ಬೆಂಚಿನ ಐದು ಜನ ಐದು ಸಮಯ ಹೇಳಿದೆವು. ಸರ್ ನಕ್ಕು, "ಬ್ಯಾಲೆನ್ಸ್ ಶೀಟನ್ನೂ ಹೀಗೇ ಮಾಡ್ತೀರೇನ್ರೋ?" ಎಂದರು. ಇಡೀ ತರಗತಿ ನಕ್ಕಿತು.

ಅವತ್ತು ಮಧ್ಯಾಹ್ನ ಬಿಡುವಿನಲ್ಲಿ ಐದೂ ಜನ ಬೆಂಚಿನ ಮೇಲೆ ಎಡಗೈ ಇಟ್ಟು ಯಾರ ವಾಚು ಮುಂದೆ, ಯಾರದು ಹಿಂದೆ ಎಂದು ನೋಡಿದೆವು. ಆಮೇಲೆ ಅದೇ ರೂಢಿಯಾಯಿತು. ಊಟ ಮುಗಿದು, ಜೊಹರ್ ನಮಾಜಿಗೆ ಹೋದವರು ಬಂದ ಮೇಲೆ, ಉಳಿದ ಹದಿನೈದು ನಿಮಿಷ ನಮ್ಮದು ವಾಚಿನ ಮಾತೇ. ಒಬ್ಬೊಬ್ಬರಿಗೂ ವಾಚಿನ ಹೆಸರೇ ಅಡ್ಡಹೆಸರಾಯಿತು. ಗುಬ್ಬಿ ಕಡೆಯಿಂದ ಬಸ್ಸಿನಲ್ಲಿ ಬರುವವನು ಕ್ಯಾಸಿಯೊ. ಅಪ್ಪನ ಹಳೆಯ ವಾಚು ಕಟ್ಟುವವನು ಟೈಟಾನ್. ಆಟೊ ಓಡಿಸುವವರ ಮಗ ಸೊನಾಟಾ. ದಿನಾ ರಾತ್ರಿ ವಾಚನ್ನು ಚಾರ್ಜಿಗೆ ಹಾಕಿ ಮಲಗುವವನು ಸ್ಮಾರ್ಟ್. ನಾನು ಸ್ವಿಸ್.

ಆ ಹೆಸರು ನನಗೆ ಹೇಗೆ ಬಂತು ಎಂದು ಹೇಳುವುದಕ್ಕೇ ಈ ಬರಹ.

ಕಾಲೇಜು ಶುರುವಾಗುವ ಮುಂಚೆ ಅಬ್ಬಾ ಜೊತೆ ಬೆಂಗಳೂರಿಗೆ ಹೋಗಿದ್ದೆ. ಅಲ್ಲಿ ಒಂದು ಫುಟ್‌ಪಾತಿನ ಮೇಲೆ ವಾಚುಗಳನ್ನು ಹರಡಿಕೊಂಡು ಕೂತಿದ್ದರು. ದಪ್ಪ ಚೈನು, ಹಸಿರು ಮುಖ, ಅದರ ಮೇಲೆ ಸ್ವಿಟ್ಜರ್ಲೆಂಡಿನ ದೊಡ್ಡ ಕಂಪನಿಯೊಂದರ ಹೆಸರು. 600 ಹೇಳಿದರು, 450ಕ್ಕೆ ಕೊಟ್ಟರು. ಅದು ನಕಲಿ ಎಂದು ನನಗೂ ಗೊತ್ತಿತ್ತು, ಅಬ್ಬಾಗೂ ಗೊತ್ತಿತ್ತು. ಅಬ್ಬಾ, "ಟೈಮ್ ತೋರಿಸಿದರೆ ಸಾಕು" ಎಂದಿದ್ದರು.

ಕಾಲೇಜಿನ ಮೊದಲ ವಾರ ಯಾರೋ ನನ್ನ ಕೈ ನೋಡಿ, "ನಿಮ್ಮ ಮಾಮು ಸೌದಿಯಲ್ಲಿದ್ದಾರಲ್ಲ, ಅವರು ತಂದಿದ್ದಾ?" ಎಂದು ಕೇಳಿದರು. ಮಾಮು ದಮ್ಮಾಮ್‌ನಲ್ಲಿ ಇರುವುದು ನಿಜ. ಆ ವರ್ಷ ಅವರು ನಮಗೆ ಕಳಿಸಿದ್ದು ಖರ್ಜೂರದ ಡಬ್ಬ ಮತ್ತು ಎರಡು ಬಾಟಲಿ ಅತ್ತರ್. ನಾನು "ಹೌದು" ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಬರೀ ತಲೆ ಆಡಿಸಿದೆ. ಅಷ್ಟೇ. ಸಂಜೆಯೊಳಗೆ ತರಗತಿಗೆಲ್ಲ ಸುದ್ದಿಯಾಯಿತು.

ಒಂದು ಸಲ ತಲೆ ಆಡಿಸಿದ್ದಕ್ಕೆ ಒಂದೂವರೆ ವರ್ಷ ಅದನ್ನು ಕಾಯಬೇಕಾಯಿತು. ಮಳೆ ಬಂದರೆ ಎಲ್ಲರಿಗಿಂತ ಮೊದಲು ನಾನೇ ವಾಚು ಬಿಚ್ಚಿ ಜೇಬಿಗೆ ಹಾಕುತ್ತಿದ್ದೆ. "ಸ್ವಿಸ್ ವಾಚಿಗೆ ನೀರು ಏನು ಮಾಡುತ್ತೋ?" ಎಂದರೆ ಏನೋ ಒಂದು ಸಬೂಬು. ಚೈನಿನ ಬಣ್ಣ ಹೋಗಿ ಒಳಗಿನ ಹಳದಿ ಕಂಡಾಗ ತೋಳು ಮುಚ್ಚುವ ಅಂಗಿ ಹಾಕತೊಡಗಿದೆ. ದ್ವಿತೀಯ ಪಿಯುಸಿಯಲ್ಲಿ ವ್ಯವಹಾರ ಅಧ್ಯಯನದ ಮೇಡಂ ಬ್ರಾಂಡ್ ಮತ್ತು ಟ್ರೇಡ್‌ಮಾರ್ಕ್ ಪಾಠ ಮಾಡುವಾಗ, ಒಬ್ಬರ ಟ್ರೇಡ್‌ಮಾರ್ಕನ್ನು ಇನ್ನೊಬ್ಬರು ಬಳಸಿ ಮಾರುವುದು ಅಪರಾಧ ಎಂದರು. ಇಡೀ ಬೆಂಚು ಮೆಚ್ಚುಗೆಯಿಂದ ನನ್ನ ಕೈ ಕಡೆ ತಿರುಗಿತು, ಅಸಲಿ ಬ್ರಾಂಡ್ ಇಲ್ಲೇ ಇದೆ ಎಂಬಂತೆ. ನಾನು ಪುಸ್ತಕದಲ್ಲಿ ಮುಖ ಹುದುಗಿಸಿದೆ.

ಹಾಗಂತ ನಮ್ಮ ವಾಚಿನ ಮಾತು ಬರೀ ಜಂಬದ್ದಾಗಿರಲಿಲ್ಲ. ನಾನು ಅಲ್ಲಿ ಕಲಿತದ್ದು ಬಹಳ. ಅದರಲ್ಲಿ ಹೆಚ್ಚಿನದನ್ನು ಕಲಿಸಿದವನು ಕ್ಯಾಸಿಯೊ. ಅವನ ದೊಡ್ಡಪ್ಪ ನಮ್ಮ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಅವನ ಕೈಯಲ್ಲಿರುವುದು ಎಫ್-91ಡಬ್ಲ್ಯು ಎಂಬ ಕಪ್ಪು ಪ್ಲಾಸ್ಟಿಕ್ ವಾಚು. 1989ರಿಂದ ಅದೇ ರೂಪದಲ್ಲಿ ಬರುತ್ತಿದೆ. ತೂಕ 21 ಗ್ರಾಂ, ಒಂದು ಸೆಲ್ ಹಾಕಿದರೆ ಸುಮಾರು ಏಳು ವರ್ಷ. ತೋಟಕ್ಕೆ ನೀರು ಹಾಯಿಸುವಾಗಲೂ ಅವನು ಅದನ್ನು ಬಿಚ್ಚುವುದಿಲ್ಲ. ಒಂದು ದಿನ ಅವನು, "ಇದು ಅಸಲಿ ಹೌದೋ ಅಲ್ವೋ ಅಂತ ಇದನ್ನೇ ಕೇಳಬಹುದು, ನೋಡಿ" ಎಂದು ಬಲಗಡೆಯ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದ. ಅಂಕಿಗಳು ಮಾಯವಾಗಿ ಆ ಜಾಗದಲ್ಲಿ ಕಂಪನಿಯ ಹೆಸರು ಬಂತು. ಎಲ್ಲರೂ "ವಾಹ್" ಎಂದರು. ಟೈಟಾನ್ ನನ್ನ ಕಡೆ ತಿರುಗಿ, "ನಿಂದರಲ್ಲಿ ಹೇಗೆ ನೋಡೋದು ಮಗಾ?" ಎಂದ. ನನ್ನ ಬಾಯಿ ಒಣಗಿತು. ಕ್ಯಾಸಿಯೊ ತಕ್ಷಣ, "ಬೆಲ್ ಆಗುತ್ತೆ ಬನ್ರೋ" ಎಂದು ಎದ್ದುಬಿಟ್ಟ. ಬೆಲ್ ಆಗಲು ಇನ್ನೂ ಆರು ನಿಮಿಷವಿತ್ತು. ಆಗ ನನಗೆ ಅದರ ಅರ್ಥ ಆಗಲಿಲ್ಲ.

ಈ ವರ್ಷ ದಸರಾ ರಜೆ ಮುಗಿದ ಮೇಲೆ ಸೊನಾಟಾ ನನ್ನನ್ನು ಒಬ್ಬನನ್ನೇ ಕ್ಯಾಂಟೀನ್ ಹಿಂದೆ ಕರೆದ. ಅವನ ಆಪಾಗೆ ನಿಕಾಹ್ ಗೊತ್ತಾಗಿತ್ತು. ನಮ್ಮಲ್ಲಿ ದುಲ್ಹಾಗೆ ವಾಚು ಕೊಡುವುದು ಮೊದಲಿನಿಂದ ಬಂದದ್ದು. ಬಟ್ಟೆ, ಉಂಗುರದ ಜೊತೆ ವಾಚು ಇರಲೇಬೇಕು. ಅವನು ಹೇಳಿದ: "ಅಬ್ಬಾ ವಾಚಿಗೆ ಅಂತ ಹನ್ನೆರಡು ಸಾವಿರ ಬೇರೆ ಇಟ್ಟಿದ್ದಾರೆ. ಅಷ್ಟಕ್ಕೆ ನಿನ್ನ ಥರದ್ದು ಅಂಗಡೀಲಿ ಬರಲ್ಲ ಅಂತ ಗೊತ್ತು. ನಿಮ್ಮ ಮಾಮು ಅಲ್ಲಿಂದ ತಂದರೆ ಸ್ವಲ್ಪ ಕಡಿಮೆ ಆಗುತ್ತಲ್ಲ? ಒಂದು ಮಾತು ಕೇಳು ಭಾಯಿ. ದುಡ್ಡು ನಾಳೆನೇ ಬೇಕಾದರೂ ತರ್ತೀನಿ."

ಅಷ್ಟು ದಿನ ನನ್ನ ಸುಳ್ಳಿಗೆ ಬೆಲೆ ಇರಲಿಲ್ಲ. ಯಾರಿಗೂ ನಷ್ಟವಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈಗ ಅದಕ್ಕೆ ಹನ್ನೆರಡು ಸಾವಿರ ಎಂದು ಬೆಲೆ ಬಿತ್ತು. ಅದೂ ಒಬ್ಬರು ಎಷ್ಟೋ ದಿನ ಆಟೊ ಓಡಿಸಿ ಕೂಡಿಟ್ಟದ್ದು. ಅಲ್ಲೇ ನಿಜ ಹೇಳಬೇಕಿತ್ತು. ನಾನು ಹೇಳಿದ್ದು, "ಕೇಳಿ ಹೇಳ್ತೀನಿ" ಎಂದು.

ಮೂರು ದಿನ ಅವನನ್ನು ತಪ್ಪಿಸಿಕೊಂಡು ಓಡಾಡಿದೆ. ಮಾಮು ಫೋನ್ ಎತ್ತುತ್ತಿಲ್ಲ ಎಂದೆ. ರಾತ್ರಿ ಮಲಗಿದರೆ ಒಂದೊಂದು ಯೋಚನೆ. ಮಾಮು ಊರಿಗೆ ಬರುವುದಿಲ್ಲ ಎನ್ನಲೇ? ಅಂಥ ವಾಚು ಈಗ ಸಿಗುವುದಿಲ್ಲ ಎನ್ನಲೇ? ಒಂದು ಸುಳ್ಳಿಗೆ ಇನ್ನೊಂದು ಆಸರೆ ಕೊಡುವುದು ಸುಲಭ. ಆದರೆ ಅವನು ನನ್ನ ಮಾತು ನಂಬಿ ಬೇರೆ ಯಾರ ಬಳಿಯಾದರೂ ಹೋಗಿ ಮೋಸ ಹೋದರೆ? ಅಸಲಿ ಹೀಗೇ ಇರುತ್ತದೆ ಎಂದು ಅವನು ಕಲಿತದ್ದೇ ನನ್ನ ಕೈ ನೋಡಿ.

ಅದೇ ವಾರ ದಾದಾ ನನ್ನನ್ನು ಕರೆದು ಅಲ್ಮಾರಿಯಿಂದ ಅವರ ವಾಚು ತೆಗೆಸಿದರು. ಎಚ್‌ಎಂಟಿ ಜನತಾ. ಬಿಳಿ ಮುಖ, ಅದರ ಮೇಲೆ ಹಿಂದಿಯಲ್ಲಿ 'ಜನತಾ' ಎಂದು ಬರೆದಿದೆ. 1972ರಲ್ಲಿ ದಾದಾರ ನಿಕಾಹ್ ಆದಾಗ ದಾದಿಯ ಅಬ್ಬಾ ಕೊಟ್ಟದ್ದು. ದಾದಾ ಮಂಡಿಯಲ್ಲಿ ತೂಕ ಹಾಕುವ ಕೆಲಸ ಮಾಡುತ್ತಿದ್ದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಡಿಕೆ, ರಾಗಿ, ಹುಣಸೆಹಣ್ಣಿನ ಮೂಟೆಗಳನ್ನು ಆ ವಾಚು ಕಟ್ಟಿದ ಕೈಯಲ್ಲೇ ಎತ್ತಿ ಇಳಿಸಿದ್ದಾರೆ. ಈಗ ಅವರ ಕಣ್ಣು ಮಂಜಾಗಿದೆ. ಮುಳ್ಳು ಕಾಣುವುದಿಲ್ಲ. ಸಮಯ ಬೇಕಾದರೆ ಅಜಾನ್ ಕೇಳಿಸಿಕೊಳ್ಳುತ್ತಾರೆ, ಇಲ್ಲವೇ "ಕಿತ್ತೆ ಬಜೆ ರೇ?" ಎಂದು ನನ್ನನ್ನು ಕೇಳುತ್ತಾರೆ. ವಾಚು ನಿಂತುಹೋಗಿ ಬಹಳ ದಿನವಾಗಿತ್ತು. "ರಿಪೇರಿ ಮಾಡಿಸಿಕೊಂಡು ಬಾ. ನೋಡೋಕಲ್ಲ, ರಾತ್ರಿ ದಿಂಬಿನ ಪಕ್ಕ ಇಟ್ಟುಕೊಂಡರೆ ಸದ್ದು ಕೇಳುತ್ತೆ" ಎಂದರು.

ಮಂಡಿಪೇಟೆಯ ಹತ್ತಿರ ಒಂದು ಸಣ್ಣ ರಿಪೇರಿ ಅಂಗಡಿಯಿದೆ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಅಲ್ಲಿನ ಚಾಚಾ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದಾದಾರ ವಾಚಿನ ಹಿಂದಿನ ಮುಚ್ಚಳ ತೆಗೆದರು. ಒಳಗೆ ಒಂದು ಪುಟ್ಟ ಊರು ಇದ್ದ ಹಾಗಿತ್ತು. ಹಲ್ಲಿನ ಚಕ್ರಗಳು, ಕೂದಲಿನಂಥ ಸ್ಪ್ರಿಂಗು, ಅಲ್ಲಲ್ಲಿ ಕೆಂಪು ಚುಕ್ಕಿ. 17 ಜ್ಯುವೆಲ್ಸ್ ಎಂದು ಮುಖದ ಮೇಲೆ ಬರೆದದ್ದು ಆ ಕೆಂಪು ಚುಕ್ಕಿಗಳನ್ನೇ. ವಾಚಿನೊಳಗೆ ಹದಿನೇಳು ರತ್ನ ಇವೆ ಎಂದು ನಮ್ಮ ದಾದಿ ಈಗಲೂ ನಂಬಿದ್ದಾರೆ. ಚಾಚಾ ನಕ್ಕರು. ಅವು ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯ, ಮಾರಿದರೆ ಏನೂ ಬರುವುದಿಲ್ಲ, ಆದರೆ ಚಕ್ರದ ಅಚ್ಚು ಸವೆಯದ ಹಾಗೆ ಅವೇ ಕಾಯುತ್ತವೆ ಎಂದರು.

ಹಳೆಯ ಎಣ್ಣೆ ಗಟ್ಟಿಯಾಗಿತ್ತು. ಎಲ್ಲ ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಲು ಎರಡು ದಿನ ಬೇಕು ಎಂದರು. ಹೊರಡುವಾಗ ನನ್ನ ಕೈ ಕಡೆ ನೋಡಿ, "ಅದನ್ನೂ ಕೊಡು, ನೋಡೋಣ" ಎಂದರು. ಕೊಡಲು ಮನಸ್ಸಿರಲಿಲ್ಲ. ಹಿರಿಯರು ಕೈ ಚಾಚಿದಾಗ ಇಲ್ಲ ಎನ್ನಲಾಗಲಿಲ್ಲ. ಅವರು ಹಿಂದಿನ ಮುಚ್ಚಳ ತೆಗೆದರು. ಅಷ್ಟು ದಪ್ಪ ವಾಚಿನೊಳಗೆ ಬಿಳಿ ಪ್ಲಾಸ್ಟಿಕ್ಕಿನ ಒಂದು ಬಳೆ, ಅದರ ನಡುವೆ ಉಗುರಿನಷ್ಟು ಯಂತ್ರ, ಒಂದು ಸೆಲ್. ಉಳಿದದ್ದೆಲ್ಲ ಖಾಲಿ. ನಾನು ತಲೆ ತಗ್ಗಿಸಿದೆ. ಚಾಚಾ ಬೈಯಲಿಲ್ಲ. "ವಾಚು ಕೆಟ್ಟದ್ದೇನಲ್ಲ ಬೇಟಾ. ಟೈಮ್ ಸರಿಯಾಗಿ ತೋರಿಸ್ತಿದೆ. ಮೇಲಿನ ಹೆಸರು ಮಾತ್ರ ಬೇರೆಯವರದ್ದು" ಎಂದು ಮುಚ್ಚಳ ಒತ್ತಿ ವಾಪಸ್ ಕೊಟ್ಟರು.

ಎರಡು ದಿನದ ನಂತರ ದಾದಾರ ವಾಚು ತಂದೆ. ಕೀ ಕೊಟ್ಟು ಅವರ ಕಿವಿಯ ಹತ್ತಿರ ಹಿಡಿದೆ. ಬಹಳ ಹೊತ್ತು ಕೇಳಿದರು. ಆಗ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ದಾದಾ ಉಪದೇಶ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಪೈಸೆ ಲಿಯಾ ಕ್ಯಾ?" ದುಡ್ಡು ತಗೊಂಡೆಯಾ ಎಂದು. ಇಲ್ಲ ಎಂದೆ. "ತೊ ಅಬೀ ಟೈಮ್ ಹೈ. ಕಲ್ ಜಾಕೆ ಬೋಲ್." ಹಾಗಾದರೆ ಇನ್ನೂ ಸಮಯ ಇದೆ, ನಾಳೆ ಹೋಗಿ ಹೇಳು.

ಮರುದಿನ ಹೇಳಿದೆ. ಕ್ಯಾಂಟೀನ್ ಹಿಂದೆ, ಅದೇ ಜಾಗದಲ್ಲಿ. 450 ರೂಪಾಯಿ ಎಂದಾಗ ಸೊನಾಟಾ ಮೊದಲು ತಮಾಷೆ ಎಂದುಕೊಂಡ. ನಿಜ ಎಂದು ಗೊತ್ತಾದ ಮೇಲೆ ಅವನ ಮುಖ ಬೇರೆಯಾಯಿತು. "ನಾನು ಅಬ್ಬಾ ಹತ್ರ ಹೇಳಿಬಿಟ್ಟಿದ್ದೀನಿ ಕಣೋ. ಅವರು ಆಪಾ ಹತ್ರ ಹೇಳಿದ್ದಾರೆ" ಎಂದ. ಬೇರೆ ಏನೂ ಅನ್ನದೆ ಹೋಗಿಬಿಟ್ಟ. ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ದಿನ ಮಾತಿಲ್ಲ. ಬೆಂಚಿನಲ್ಲಿ ಅವನು ಆ ತುದಿ, ನಾನು ಈ ತುದಿ.

ಉಳಿದವರಿಗೂ ನಾನೇ ಹೇಳಿದೆ. ಸ್ಮಾರ್ಟ್ ನಕ್ಕ. ಟೈಟಾನ್ ನನ್ನ ವಾಚನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಕ್ಯಾಸಿಯೊ ಮಾತ್ರ ಸುಮ್ಮನಿದ್ದ. ಸಂಜೆ ಬಸ್ ನಿಲ್ದಾಣದ ಕಡೆ ಇಬ್ಬರೇ ನಡೆದು ಹೋಗುವಾಗ ಅವನು ಹೇಳಿದ: "ನನಗೆ ಮೊದಲ ವಾರವೇ ಗೊತ್ತಾಗಿತ್ತು. ನಿನ್ನ ಸೆಕೆಂಡ್ ಮುಳ್ಳು ಸೆಕೆಂಡಿಗೆ ಒಂದು ಸಲ ಕುಣೀತಿತ್ತು. ಆ ಕಂಪನಿಯ ಆ ವಾಚಲ್ಲಿ ಸೆಲ್ ಇರಲ್ಲ. ಮುಳ್ಳು ಜಾರಿಕೊಂಡು ಹೋಗಬೇಕು."

ಅದರ ಲೆಕ್ಕವನ್ನೂ ಅವನೇ ಬಿಡಿಸಿ ಹೇಳಿದ. ಸೆಲ್ ವಾಚಿನೊಳಗೆ ಸ್ಫಟಿಕದ ಒಂದು ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಅದನ್ನು ಹದಿನೈದು ಸಲ ಅರ್ಧ ಅರ್ಧ ಮಾಡುತ್ತಾ ಬಂದರೆ ಕೊನೆಗೆ ಒಂದು ಉಳಿಯುತ್ತದೆ. ಸೆಕೆಂಡಿಗೆ ಒಂದು ಹೆಜ್ಜೆ. ಕೀ ಕೊಡುವ ಎಚ್‌ಎಂಟಿಯಲ್ಲಿ ಹಾಗಲ್ಲ. ಅದರ ಚಕ್ರ ಗಂಟೆಗೆ 18,000 ಸಲ ಹೊಡೆದುಕೊಳ್ಳುತ್ತದೆ, ಅಂದರೆ ಸೆಕೆಂಡಿಗೆ ಐದು. ಅದಕ್ಕೇ ಮುಳ್ಳು ಸರಾಗವಾಗಿ ಹರಿಯುವ ಹಾಗೆ ಕಾಣುತ್ತದೆ.

"ಗೊತ್ತಿದ್ದರೂ ಯಾಕೆ ಹೇಳಲಿಲ್ಲ?" ಎಂದೆ.

"ನಿನ್ನ ಕೈ, ನಿನ್ನ ವಾಚು. ಎಲ್ಲರ ಮುಂದೆ ಯಾಕೆ ಹೇಳಲಿ?" ಎಂದು ಬಸ್ ಹತ್ತಿದ. ನಮ್ಮ ಮನೆಯಲ್ಲಿ ಇದಕ್ಕೆ ಪರ್ದಾ ರಖ್ನಾ ಎನ್ನುತ್ತಾರೆ, ಇನ್ನೊಬ್ಬರ ತಪ್ಪನ್ನು ಮುಚ್ಚುವುದು. ಆರು ನಿಮಿಷ ಮೊದಲೇ ಬೆಲ್ ಆಗುತ್ತೆ ಎಂದು ಅವನು ಎದ್ದದ್ದು ಯಾಕೆಂದು ಆಗ ಅರ್ಥವಾಯಿತು.

ಐದನೆಯ ದಿನ ಸೊನಾಟಾ ತಾನಾಗಿಯೇ ಬಂದ. ಅವನ ಅಬ್ಬಾ ಎಲ್ಲ ಕೇಳಿ, "ದುಡ್ಡು ಕೊಟ್ಟ ಮೇಲೆ ಹೇಳೋರೇ ಜಾಸ್ತಿ, ಇವನು ಮೊದಲೇ ಹೇಳಿದ್ದಾನೆ" ಎಂದರಂತೆ. ಭಾನುವಾರ ನಾವು ಮೂವರು, ಅವನು, ಕ್ಯಾಸಿಯೊ ಮತ್ತು ನಾನು, ಅವರ ಅಬ್ಬಾ ಆಟೊದಲ್ಲೇ ಬಿ.ಎಚ್. ರಸ್ತೆಯ ಅಂಗಡಿಗೆ ಹೋದೆವು. ಟೈಟಾನ್ ವಾಚೊಂದನ್ನು ಆರಿಸಿದೆವು. ಬಿಲ್ಲು, ಗ್ಯಾರಂಟಿ ಕಾರ್ಡು ಎರಡನ್ನೂ ಕೇಳಿ ಪಡೆದೆವು. ಉಳಿದ ದುಡ್ಡಿನಲ್ಲಿ ಆಪಾಗೂ ಒಂದು ವಾಚು ಬಂತು. "ದುಲ್ಹಾ ಒಬ್ಬನಿಗೇನಾ ಟೈಮ್ ಬೇಕಾಗೋದು?" ಎಂದು ಅವರ ಅಬ್ಬಾ ನಕ್ಕರು. ನಾನು ಅವರಿಗೆ ಮಾಫಿ ಕೇಳಬೇಕೆಂದು ಮಾತು ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವರು ಅವಕಾಶ ಕೊಡದೆ ಚಹಾ ಕುಡಿಸಿದರು.

ಈಗ ನಾನು ಕಟ್ಟುವುದು ದಾದಾರ ಜನತಾ. ಹಗಲು ನನ್ನ ಕೈಯಲ್ಲಿ, ರಾತ್ರಿ ಅವರ ದಿಂಬಿನ ಪಕ್ಕ. ಬೆಳಿಗ್ಗೆ ಫಜರ್ ಆದ ಮೇಲೆ ಕೀ ಕೊಡುತ್ತೇನೆ. ಬಿಗಿ ಬಂದಾಗ ನಿಲ್ಲಿಸಬೇಕು, ಜಾಸ್ತಿ ತಿರುಗಿಸಬಾರದು. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ದಿನಾ ಎರಡು ನಿಮಿಷ ಮುಂದೆ ಇಡುತ್ತೇನೆ.

ಇದನ್ನು ಕಟ್ಟಲು ಶುರು ಮಾಡಿದ ಮೇಲೆ ಎಚ್‌ಎಂಟಿ ಬಗ್ಗೆ ಒಂದಷ್ಟು ಓದಿದೆ. ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ವಾಚ್ ಕಾರ್ಖಾನೆ ಶುರುವಾಯಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಆಮೇಲೆ ನಮ್ಮ ತುಮಕೂರಿಗೂ ಕಾರ್ಖಾನೆ ಬಂತು. ದಾದಾರ ಕಾಲದಲ್ಲಿ ಎಚ್‌ಎಂಟಿ ವಾಚು ಬೇಕೆಂದರೆ ಕಾಯಬೇಕಿತ್ತಂತೆ. ಮದುವೆಗೆ, ಮೆಟ್ರಿಕ್ ಪಾಸಾದರೆ, ಕೆಲಸ ಸಿಕ್ಕರೆ ಅದೇ ಉಡುಗೊರೆ. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಸೇರಿ ಟೈಟಾನ್ ಕಟ್ಟಿದವು. ಕಾರ್ಖಾನೆ ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ. ಕೀ ಕೊಡುವುದು ಬೇಡದ ಸೆಲ್ ವಾಚುಗಳು, ಚಂದದ ಅಂಗಡಿಗಳು. ಜನ ಆ ಕಡೆ ಹೋದರು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ನಮ್ಮ ತುಮಕೂರಿನ ಕಾರ್ಖಾನೆಯ ಜಾಗ ಇಸ್ರೊಗೆ ಹೋಯಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿಯ ವಸ್ತುಸಂಗ್ರಹಾಲಯವಿದೆ. ಪರೀಕ್ಷೆ ಮುಗಿದ ಮೇಲೆ ಐದೂ ಜನ ಹೋಗಬೇಕೆಂದಿದ್ದೇವೆ.

ಒಂದು ಎಚ್ಚರಿಕೆ. ಹಳೆಯ ಎಚ್‌ಎಂಟಿ ಎಂದು ಈಗ ಮಾರಾಟಕ್ಕೆ ಬರುವ ಬಹಳಷ್ಟು ವಾಚುಗಳ ಮುಖಕ್ಕೆ ಹೊಸದಾಗಿ ಬಣ್ಣ ಬಳಿದು, ಕಂಪನಿ ಎಂದೂ ಮಾಡದ ವಿನ್ಯಾಸ ಹಾಕಿರುತ್ತಾರೆ. ಹಳೆಯ ವಾಚು ಕನ್ನಡಿಯಂತೆ ಹೊಳೆಯುತ್ತಿದ್ದರೆ, ಅಕ್ಷರದ ಅಂಚು ಒಡೆದಿದ್ದರೆ ಅನುಮಾನಿಸಿ. ಕೊಳ್ಳುವ ಮುಂಚೆ ರಿಪೇರಿ ಗೊತ್ತಿರುವವರಿಂದ ಹಿಂದಿನ ಮುಚ್ಚಳ ತೆಗೆಸಿ ನೋಡಿ. ಇದನ್ನು ಹೇಳಲು ನನಗೆ ಏನು ಹಕ್ಕು ಎಂದು ನೀವು ಕೇಳಬಹುದು. ನಕಲಿ ಕಟ್ಟಿ ಒಂದೂವರೆ ವರ್ಷ ಓಡಾಡಿದವನಿಗೆ ಸ್ವಲ್ಪ ಹಕ್ಕು ಇದೆ ಎಂದುಕೊಂಡಿದ್ದೇನೆ.

ಲೆಕ್ಕಶಾಸ್ತ್ರದ ಪ್ರಕಾರ ಐವತ್ತು ವರ್ಷ ದಾಟಿದ ವಾಚಿನ ಬೆಲೆ ಸವಕಳಿ ಕಳೆದು ಸೊನ್ನೆ. ಸರ್ ಹತ್ತಿರ ಕೇಳಿದೆ. "ಪುಸ್ತಕದಲ್ಲಿ ಸೊನ್ನೆ. ಆದರೆ ಕೆಲಸ ಮಾಡ್ತಾ ಇದ್ದರೆ ಬಿಸಾಡು ಅಂತ ಯಾವ ಪುಸ್ತಕವೂ ಹೇಳಲ್ಲ" ಎಂದರು.

ನಮ್ಮ ಬೆಂಚಿನ ಸುದ್ದಿ ಹರಡಿ ಈಗ ಬೇರೆಯವರೂ ಮನೆಯಿಂದ ವಾಚು ತರುತ್ತಿದ್ದಾರೆ. ನಮ್ಮ ತರಗತಿಯ ಸಹಪಾಠಿಯೊಬ್ಬಳು ಅವಳ ನಾನಿಯ ಸುಜಾತಾ ತಂದಿದ್ದಳು, ಹೆಣ್ಣುಮಕ್ಕಳಿಗೆಂದು ಎಚ್‌ಎಂಟಿ ಮಾಡುತ್ತಿದ್ದ ಪುಟ್ಟ ವಾಚು. ನಿಂತುಹೋಗಿದೆ. ಚಾಚಾ ಅಂಗಡಿಯ ದಾರಿ ಹೇಳಿದೆ.

ನನ್ನ ಹಸಿರು ಮುಖದ ವಾಚನ್ನು ಬಿಸಾಡಿಲ್ಲ. ಅದು ಅಡುಗೆಮನೆಯಲ್ಲಿ ಮೊಳೆಗೆ ನೇತಾಡುತ್ತಿದೆ. ಅಮ್ಮಿ ಅದನ್ನು ನೋಡಿ ಅನ್ನದ ಕುಕ್ಕರ್ ಇಳಿಸುತ್ತಾರೆ. ಸಮಯ ಸರಿಯಾಗಿ ತೋರಿಸುತ್ತಿದೆ. ಮೇಲಿನ ಹೆಸರನ್ನು ಅಲ್ಲಿ ಯಾರೂ ಓದುವುದಿಲ್ಲ.

ಗೆಳೆಯರೇ, ಮಧ್ಯಾಹ್ನ ಬಿಡುವಿದ್ದರೆ ನಮ್ಮ ಬೆಂಚಿಗೆ ಬನ್ನಿ. ನಿಮ್ಮ ಕೈಯಲ್ಲಿರುವುದು ಯಾವುದಾದರೂ ಸರಿ, ಅದರ ನಿಜವಾದ ಕಥೆ ಹೇಳಿ. ನನ್ನನ್ನು ಮಾತ್ರ ಸ್ವಿಸ್ ಎಂದು ಕರೆಯಬೇಡಿ. ಈಗ ನನ್ನ ಹೆಸರು ಜನತಾ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ